ಅವ್ವನ ಬೆರಣಿ, ಅಳಿಯನ ಅಣು

ದೀಪಾವಳಿಗೆ ನಾಲ್ಕು ದಿನ ಇದ್ದಾಗ ನಮ್ಮಕ್ಕನ ಮಗ ಮೈಸೂರಿನಿಂದ ಬಂದಿಳಿದ. ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಬೆನ್ನಿಗೊಂದು ಬ್ಯಾಗು, ಕಿವಿಗೆರಡು ಬಿರಡೆ, ಕೆನ್ನೆ ತುಂಬ ಕುರುಚಲು ಗಡ್ಡ. ಇಂಥ ಪ್ರಾಣಿ ತಾಳವಾಡಿಯ ಬಸ್‌ ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದು ಬಂದರೆ ಅರಳಿಕಟ್ಟೆಯ ಮೇಲೆ ಕೂತವರು ಸುಮ್ಮನೆ ಬಿಟ್ಟಾರೆಯೆ? "ಯಾನಪ್ಪ ಓದ್ತಾ ಇರೋದು?" ಅಂದರು. "ಲಿಕ್ವಿಡ್ ಕ್ರಿಸ್ಟಲ್" ಅಂದ. ಕಟ್ಟೆ ಒಂದು ಗಳಿಗೆ ಮೌನವಾಯಿತು. ಕೊನೆಗೆ ಒಬ್ಬರು ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಅದಕ್ಕೆ ಕೆಲ್ಸ ಸಿಕ್ತದಾ?" ಎಂದು ಕೇಳಿದರಂತೆ. ನಮ್ಮೂರಿನಲ್ಲಿ ಯಾವ ವಿದ್ಯೆಗಾದರೂ ಕೊನೆಯ ಪರೀಕ್ಷೆ ಅದೇ.

ಮನೆಗೆ ಬಂದರೆ ಹಿತ್ತಿಲಲ್ಲಿ ಅವ್ವ ಬೆರಣಿ ತಟ್ಟುತ್ತಿದ್ದಳು. ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೂ ಸ್ನಾನದ ನೀರು ಬೆರಣಿಯಲ್ಲಿ ಕಾಯದೆ ಹೋದರೆ ಮೈಯ ಕೊಳೆ ಹೋಗುವುದಿಲ್ಲ ಎಂಬುದು ಅವಳ ಸಿದ್ಧಾಂತ. ಇವನ ಓದಿನ ಸುದ್ದಿ ಅವಳ ಕಿವಿಗೂ ಬಿತ್ತು.

"ಅದ್ಯಾನ್ಲಾ ಅದು ಕಿಷ್ಟಲ್ಲು? ನೀರೋ, ಕಲ್ಲೋ?"

"ಎರಡೂ ಅಲ್ಲ ಅಜ್ಜಿ. ಎರಡರ ನಡುವೆ."

"ಅಂಗಾರೆ ನಮ್ಮೂರಂಗೆ ಅನ್ನು."

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆ ಮಾತಿನಲ್ಲಿ ಇದ್ದಷ್ಟು ವಿವರಣೆ ಇವನ ಪುಸ್ತಕದ ಮೊದಲ ಅಧ್ಯಾಯದಲ್ಲೂ ಇರಲಾರದು. ಹಳೆಯ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿಯ ನಾವು ಮದರಾಸು ರಾಜ್ಯದಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಪಡಿತರ ಚೀಟಿ ಆ ಕಡೆಯದು, ಬೀಗರು ಈ ಕಡೆಯವರು. ಸಂತೆ, ಮದುವೆ ಜವಳಿ, ಹಲ್ಲುನೋವು ಎಲ್ಲಕ್ಕೂ ಚಾಮರಾಜನಗರ. ಒಂದು ಸಹಿ ಬೇಕಾದರೆ ಮಾತ್ರ ದಿಂಬಂ ಘಟ್ಟದ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈ ಮುಗಿದು, ಸತ್ಯಮಂಗಲ ದಾಟಿ ಈರೋಡಿನವರೆಗೆ ಹೋಗಬೇಕು. ಹರಿಯುವಾಗ ದ್ರವ, ಜೋಡಣೆಯಲ್ಲಿ ಹರಳು: ದ್ರವಸ್ಫಟಿಕದ ಲಕ್ಷಣ ಇಷ್ಟೇ. ನಮ್ಮ ಜನರನ್ನು ಅದರ ಸೀಸೆಯಲ್ಲಿ ತುಂಬಿಟ್ಟರೂ ಯಾರಿಗೂ ವ್ಯತ್ಯಾಸ ಗೊತ್ತಾಗದು.

ಅಳಿಯನಿಗೆ ಈ ಹೋಲಿಕೆ ಸೇರಲಿಲ್ಲ. ವಿಜ್ಞಾನವನ್ನು ಹೀಗೆ ಹಗುರ ಮಾಡಬಾರದು ಅಂದ. ಸರಿಯಪ್ಪ, ಭಾರವಾಗಿಯೇ ಹೇಳು ಎಂದು ಜಗುಲಿಯಲ್ಲಿ ಕೂರಿಸಿದೆ. ನಾನು ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ಮೂವತ್ತು ವರ್ಷ ಮಕ್ಕಳಿಗೆ ಹಳಗನ್ನಡ ಕುಡಿಸಿದ ಪಾಪಕ್ಕೆ ಮೂರು ಗಂಟೆ ಕೆಮಿಸ್ಟ್ರಿ ಕುಡಿಯುವುದು ತಕ್ಕ ಪ್ರಾಯಶ್ಚಿತ್ತವೇ.

ಶುರು ಮಾಡಿದ್ದು ಕಬ್ಬಿನ ಲಾರಿಯಿಂದ. ನಮ್ಮ ಕಡೆಯ ಕಬ್ಬು ಘಟ್ಟ ಇಳಿದು ಕಾರ್ಖಾನೆಗೆ ಹೋಗುತ್ತದಲ್ಲ, ಆ ಲಾರಿಯೊಳಗೆ ನೋಡಿ: ಎಲ್ಲ ಜಲ್ಲೆಯೂ ಒಂದೇ ದಿಕ್ಕಿಗೆ ಮಲಗಿರುತ್ತದೆ. ಆದರೆ ತುದಿಗೆ ತುದಿ ಸಮ ಇರುವುದಿಲ್ಲ. ಒಂದು ಮುಂದೆ, ಒಂದು ಹಿಂದೆ. ಜಗ್ಗಿದರೆ ಜಾರಿ ಬರುತ್ತದೆ. ಕಾರಪಳ್ಳದ ಚೆಕ್‌ಪೋಸ್ಟಿನ ಹತ್ತಿರ ಆನೆ ಅಡ್ಡ ನಿಂತು ಸೊಂಡಿಲಲ್ಲಿ ಎಳೆದುಕೊಳ್ಳುವುದು ಹಾಗೆಯೇ ತಾನೆ. ದಿಕ್ಕಿಗೆ ಕಟ್ಟುಪಾಡು ಇದೆ, ಜಾಗಕ್ಕೆ ಇಲ್ಲ. ಇದಕ್ಕೆ ನೆಮ್ಯಾಟಿಕ್ ಸ್ಥಿತಿ ಅಂತ ಹೆಸರು. ಎಷ್ಟೋ ಗಡಿಯಾರ, ಕ್ಯಾಲ್ಕುಲೇಟರ್, ಟಿವಿ, ಮೊಬೈಲಿನ ಪರದೆಗಳಲ್ಲಿ ಕೂತಿರುವುದು ಈ ಕಬ್ಬಿನ ಲಾರಿಯೇ. ಕರೆಂಟು ಕೊಟ್ಟರೆ ಜಲ್ಲೆಗಳೆಲ್ಲ ಎದ್ದು ನಿಲ್ಲುತ್ತವೆ, ತೆಗೆದರೆ ಮಲಗುತ್ತವೆ. ಬೆಳಕು ದಾಟುವುದು, ದಾಟದಿರುವುದು ಅದರ ಮೇಲೆ.

"ಸರಿ, ಅಣು ಜಲ್ಲೆ ಥರ ನೆಟ್ಟಗೆ ಇರೋದು ಹೇಗೆ? ಹಗ್ಗದ ಹಾಗೆ ಬಳುಕಿದರೆ?" ಎಂದು ಕೇಳಿದೆ. ಹುಡುಗನ ಮುಖ ಅರಳಿತು. ಅವನ ಇಡೀ ಎಂ.ಎಸ್ಸಿ. ಇರುವುದೇ ಆ ಪ್ರಶ್ನೆಯಲ್ಲಂತೆ. ಕಾರ್ಬನ್ನನ್ನು ಸುಮ್ಮನೆ ಸರಪಳಿಯಾಗಿ ಪೋಣಿಸಿದರೆ ಅದು ಹಗ್ಗವೇ, ಮೇಣದ ಬತ್ತಿಯ ಮೇಣ. ಅದಕ್ಕೆ ಬೆನ್ನುಮೂಳೆ ಬೇಕು. ಬೆನ್ನುಮೂಳೆ ಎಂದರೆ ಉಂಗುರ. ಆರು ಕಾರ್ಬನ್ನು ಕೈ ಕೈ ಹಿಡಿದು ಕುಣಿಯುವ ಬೆಂಜೀನ್ ಉಂಗುರ ಬಳುಕುವುದಿಲ್ಲ, ಡೊಂಕಾಗುವುದಿಲ್ಲ, ರೊಟ್ಟಿಯ ಹಾಗೆ ಚಪ್ಪಟೆ. ಚಪ್ಪಟೆ ಎಂಬುದನ್ನು ಎಕ್ಸ್‌ರೇ ಹಾಯಿಸಿ ಸಾಬೀತು ಮಾಡಿದ್ದು ಇಂಗ್ಲೆಂಡಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ಹೆಣ್ಣುಮಗಳು, 1929ರಲ್ಲಿ. ಆಕೆ ಹಿಡಿದದ್ದು ಆರು ಮೂಲೆಗೂ ಆರು ಪುಟ್ಟ ಬಾಲ ಇರುವ ಬೆಂಜೀನನ್ನು. ಈ ಆರು ಬಾಲದ ಸಂಗತಿ ನೆನಪಿಟ್ಟುಕೋ ಮಾವ, ಆಮೇಲೆ ಬರ್ತದೆ ಅಂದ. ನಾವು ಮೇಷ್ಟ್ರುಗಳು ಮಕ್ಕಳಿಗೆ ಹೇಳುತ್ತಿದ್ದ ಮಾತು. ಅಂತೂ ಸೇಡು ತೀರಿಸಿಕೊಂಡ.

ಅಂಥ ಉಂಗುರ ಎರಡನ್ನು ಒಂದೇ ಗೆರೆಯಲ್ಲಿ ಕೂಡಿಸಿ, ಒಂದು ತುದಿಗೆ ಸೋಗೆಯ ಹಾಗೆ ಮೆತ್ತನೆಯ ಬಾಲ ಕಟ್ಟಿದರೆ ಜಲ್ಲೆ ತಯಾರು. ಉಂಗುರ ಮಾತ್ರ ಇದ್ದರೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಬಾಲ ಮಾತ್ರ ಇದ್ದರೆ ಮೇಣವಾಗುತ್ತದೆ. ಗಟ್ಟಿ ನಡು, ಮೆದು ಬಾಲ ಎರಡೂ ಇದ್ದರೆ ಕಲ್ಲಾಗಲು ಬಾಲ ಬಿಡದು, ನೀರಾಗಲು ನಡು ಬಿಡದು. ಗಟ್ಟಿ ಅತ್ತೆ, ಮೆತ್ತನೆಯ ಸೊಸೆ ಇರುವ ಮನೆ ಒಡೆಯುವುದೂ ಇಲ್ಲ, ನಿಲ್ಲುವುದೂ ಇಲ್ಲ, ಸುಮ್ಮನೆ ನಡೆಯುತ್ತಿರುತ್ತದೆ. (ನಮ್ಮ ಮನೆಯಲ್ಲಿ ಯಾರು ಯಾವುದು ಎಂದು ಬರೆದರೆ ನನಗೆ ರಾತ್ರಿ ಊಟವಿಲ್ಲ.)

ಈ ಜಾತಿಯ ಪದಾರ್ಥ ಮೊದಲು ಕಣ್ಣಿಗೆ ಬಿದ್ದದ್ದು ಒಬ್ಬ ಸಸ್ಯಶಾಸ್ತ್ರಿಗೆ. 1888ರಲ್ಲಿ, ಪ್ರಾಗ್ ನಗರದಲ್ಲಿ. ಫ್ರೀಡ್ರಿಕ್ ರೈನಿಟ್ಜರ್ ಎಂದು ಹೆಸರು. ಕೊಲೆಸ್ಟರಾಲಿನಿಂದ ಮಾಡಿದ ಒಂದು ಪುಡಿಯನ್ನು ಕಾಯಿಸಿದ. 145.5 ಡಿಗ್ರಿಗೆ ಕರಗಿತು. ಆದರೆ ಕರಗಿದ್ದು ಮಜ್ಜಿಗೆಯ ಹಾಗೆ ಮಬ್ಬು. ಇನ್ನೂ ಕಾಯಿಸಿದ, 178.5ಕ್ಕೆ ಇದ್ದಕ್ಕಿದ್ದಂತೆ ತಿಳಿನೀರಾಯಿತು. ಒಂದೇ ಪದಾರ್ಥಕ್ಕೆ ಎರಡು ಕರಗುವ ಬಿಂದು! ಮನುಷ್ಯನಿಗೆ ಎರಡು ಜಾತಕ ಇದ್ದ ಹಾಗೆ. ಅವನು ಒಟ್ಟೊ ಲೇಮನ್ ಎಂಬ ಭೌತವಿಜ್ಞಾನಿಗೆ ಕಾಗದ ಬರೆದ, ಲೇಮನ್ ಸೂಕ್ಷ್ಮದರ್ಶಕದಲ್ಲಿ ನೋಡಿ ದಂಗಾದ, ಕಥೆ ಶುರುವಾಯಿತು. ಆ ಕೊಲೆಸ್ಟರಾಲಿನ ಒಳಗೂ ನಾಲ್ಕು ಉಂಗುರ ಇವೆ: ಮೂರು ಆರು ಮೂಲೆಯವು, ಒಂದು ಐದು ಮೂಲೆಯದು, ಒಂದಕ್ಕೊಂದು ಅಂಟಿಕೊಂಡು. ಡಾಕ್ಟರು ಹೆದರಿಸುವ ಕೊಲೆಸ್ಟರಾಲೇ ಹೌದು. ಅದಕ್ಕೂ ಒಂದು ಒಳ್ಳೆಯ ಚರಿತ್ರೆ ಇದೆ ಎಂದು ಗೊತ್ತಾಗಿ ನನಗೆ ಸಮಾಧಾನವಾಯಿತು. ಅದು ನನ್ನೊಳಗೂ ಬೇಕಾದಷ್ಟಿದೆ.

ಉಂಗುರ ಎಷ್ಟಿರಬೇಕು ಎನ್ನುವಲ್ಲಿ ಅಳಿಯ ಕೈಬೆರಳು ಎಣಿಸಿಕೊಂಡು ಕೂತ. ಜಲ್ಲೆ ಅಣುವಿಗೆ ಸಾಮಾನ್ಯವಾಗಿ ಒಂದು ಸಾಲದು. ಒಂಟಿ ಉಂಗುರದ ಕೆಲವು ಆಮ್ಲಗಳು ಇವೆ, ಅವು ಉಪಾಯಗಾರರು. ಎರಡೆರಡು ಅಣು ಮುಖಾಮುಖಿ ನಿಂತು ಹೈಡ್ರೋಜನ್ನಿನ ಕೊಕ್ಕೆಯಲ್ಲಿ ಕೈ ಬೆಸೆದು, ನಾವೂ ಎರಡು ಉಂಗುರದವರೇ ಎಂದು ತೋರಿಸಿಕೊಂಡು ಪಂಕ್ತಿಯಲ್ಲಿ ಕೂತುಬಿಡುತ್ತವೆ. 1973ರಲ್ಲಿ ಇಂಗ್ಲೆಂಡಿನ ಹಲ್ ಊರಿನ ಜಾರ್ಜ್ ಗ್ರೇ ಎರಡು ಉಂಗುರ ನೇರ ಕೂಡಿಸಿ, ಒಂದು ಕಡೆ ಐದು ಕಾರ್ಬನ್ನಿನ ಬಾಲ, ಇನ್ನೊಂದು ಕಡೆ ಒಂದು ಸೈನೋ ಕೊಂಡಿ ಹಚ್ಚಿದ. ಅದು ಸುಮಾರು 22ರಿಂದ 35 ಡಿಗ್ರಿಯವರೆಗೆ ದ್ರವಸ್ಫಟಿಕ. ಕೋಣೆಯ ಬಿಸಿಗೆ ಒಗ್ಗುವ, ಬೇಗ ಕೆಡದ ಪದಾರ್ಥ ಸಿಕ್ಕಿದ್ದೇ ತಡ, ಕೈಗಡಿಯಾರದವರು ಬಿದ್ದು ಬಿದ್ದು ಕೊಂಡರು.

"ನಮ್ಮ ಹಾಸನೂರಿನ ಮಾರ್ಗಶಿರದ ಚಳಿಗೆ 22 ಡಿಗ್ರಿ ಎಲ್ಲಿಯ ಮಾತಪ್ಪ? ಗಡಿಯಾರ ಕಲ್ಲಾಗಿ ಹೋಗ್ತದೆ," ಅಂದೆ.

ಅದಕ್ಕೇ ಮೂರನೆಯ ಉಂಗುರ ಬೇಕಾದದ್ದಂತೆ. ಅದೇ ಅಣುವಿಗೆ ಇನ್ನೊಂದು ಉಂಗುರ ಸೇರಿಸಿದರೆ ಆಟ ಶುರುವಾಗುವುದೇ 130 ಡಿಗ್ರಿಯ ಆಸುಪಾಸಿನಲ್ಲಿ, ಮುಗಿಯುವುದು 240ರ ಹತ್ತಿರ. ಒಂದೇ ಒಂದು ಉಂಗುರಕ್ಕೆ ಇಷ್ಟು ಜಂಬ. ಅದನ್ನು ಒಂಟಿಯಾಗಿ ಇಟ್ಟರೆ ಒಲೆಯ ಮೇಲೆ ಬಿಟ್ಟು ಇನ್ನೆಲ್ಲೂ ಉಪಯೋಗವಿಲ್ಲ. ಆದರೆ ಎರಡು ಉಂಗುರದ ಮೂರು ಬಗೆಯ ಅಣುಗಳ ಜೊತೆಗೆ ಇದನ್ನು ನೂರಕ್ಕೆ ಎಂಟು ಪಾಲು ಬೆರೆಸಿದರು. ಮೈನಸ್ 10ರಿಂದ 60 ಡಿಗ್ರಿಯವರೆಗೆ ಕೆಲಸ ಮಾಡುವ ಮಿಶ್ರಣ ಸಿದ್ಧವಾಯಿತು. ಸಾರಿಗೆ ಇಂಗಿನ ಹಾಗೆ, ಚಿಟಿಕೆ ಹಾಕಿದರೆ ಪರಿಮಳ, ಹಿಡಿ ಹಾಕಿದರೆ ಹಿತ್ತಿಲಿಗೆ.

ಇಲ್ಲೊಂದು ತಮಾಷೆ ಇದೆ. ಎರಡು ಬೆಂಜೀನ್ ಉಂಗುರದಲ್ಲಿ ಒಂದನ್ನು ತೆಗೆದು ಅದರ ಜಾಗಕ್ಕೆ ಸೈಕ್ಲೋಹೆಕ್ಸೇನ್ ಎಂಬ ಉಂಗುರ ಕೂರಿಸಬಹುದು. ಅದೂ ಆರು ಕಾರ್ಬನ್ನೇ, ಆದರೆ ಚಪ್ಪಟೆ ಅಲ್ಲ. ಈಜಿಚೇರಿನ ಹಾಗೆ ಮಡಿಸಿಕೊಂಡಿದೆ. ಕೆಮಿಸ್ಟ್ರಿಯವರೂ ಅದನ್ನು ಕುರ್ಚಿ ಅಂತಲೇ ಕರೆಯುತ್ತಾರೆ. ಚಪ್ಪಟೆ ಹೋಗಿ ಸೊಟ್ಟ ಬಂದರೆ ಜೋಡಣೆ ಕೆಡಬೇಕು, ಅಲ್ಲವೆ? ಕೆಡಲಿಲ್ಲ. 35ಕ್ಕೆ ಮುಗಿಯುತ್ತಿದ್ದದ್ದು 55ರವರೆಗೆ ಎಳೆಯಿತು. ಮೇಲಾಗಿ ಪಾಯಸ ಇನ್ನಷ್ಟು ತೆಳುವಾಗಿ ಪರದೆ ಚುರುಕಾಯಿತು. ಇದು ಜರ್ಮನಿಯಲ್ಲಿ 1977ರಲ್ಲಿ ಆದದ್ದು. ಕುರ್ಚಿ ಸಿಕ್ಕವನು ಬೇಗ ಎದ್ದು ಹೋಗುವುದಿಲ್ಲ ಎಂಬುದು ಅಣುಗಳ ಲೋಕದಲ್ಲೂ ನಿಜವೆಂದು ನಾನು ಬರೆದುಕೊಂಡೆ. ಅಳಿಯ ಮತ್ತೆ ಹುಬ್ಬು ಗಂಟಿಕ್ಕಿದ.

ಅಷ್ಟರಲ್ಲಿ ಅವ್ವ ಕೈ ತೊಳೆದುಕೊಂಡು ಬಂದು ಕಂಬಕ್ಕೆ ಒರಗಿ ಕೂತಳು. "ಅದೇನ್ ಎಲ್ಲಾನೂವೆ ಕಡ್ಡಿಯೇ ಆಗ್ಬೇಕಾ? ಮಿಕ್ಕಿದ್ದು ಆಗಾಕಿಲ್ವಾ?"

ನಾನು ನಕ್ಕೆ. ಹುಡುಗ ನಗಲಿಲ್ಲ. ಎದ್ದು ನಿಂತುಬಿಟ್ಟ. "ಅಜ್ಜಿ, ಈ ಪ್ರಶ್ನೆ ತೊಂಬತ್ತು ವರ್ಷ ಯಾರೂ ಸರಿಯಾಗಿ ಕೇಳಲಿಲ್ಲ!"

ನಿಜವಂತೆ. ಜರ್ಮನಿಯ ಹಾಲೆಯಲ್ಲಿ ಡೇನಿಯಲ್ ಫೋರ್ಲ್ಯಾಂಡರ್ ಎಂಬ ರಸಾಯನ ಪಂಡಿತ ಇದ್ದ. ದ್ರವಸ್ಫಟಿಕಗಳನ್ನು ರಾಶಿ ರಾಶಿ ಮಾಡಿದ ಆಸಾಮಿ. ಅಣು ಆದಷ್ಟೂ ಉದ್ದಕ್ಕೆ, ನೆಟ್ಟಗೆ ಇರಬೇಕು ಎಂದು ಕಟ್ಟಳೆ ಹಾಕಿದ. ನಕ್ಷತ್ರದ ಆಕಾರ, ಎಲೆಯ ಆಕಾರದವನ್ನೂ ಪರೀಕ್ಷಿಸಿ, ಇವು ಕೈಲಾಗದವು ಎಂದು ಬದಿಗಿಟ್ಟ. ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ. ಪುಸ್ತಕಗಳಲ್ಲಿ ಕಡ್ಡಿ, ಪಾಠದಲ್ಲಿ ಕಡ್ಡಿ, ತಲೆಯಲ್ಲೂ ಕಡ್ಡಿ.

ಆ ಕಡ್ಡಿ ಮುರಿದದ್ದು ಬೆಂಗಳೂರಿನಲ್ಲಿ. ಮುರಿದವರು ಎಸ್. ಚಂದ್ರಶೇಖರ್. ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಎಸ್. ಚಂದ್ರಶೇಖರ್ ಅಂದ ಕೂಡಲೇ ಕ್ವಿಜ್ ಮಾಸ್ಟರುಗಳು ನಕ್ಷತ್ರ, ನೊಬೆಲ್ ಎಂದು ಕೂಗುತ್ತಾರೆ. ಅವರು ಸುಬ್ರಹ್ಮಣ್ಯನ್ ಚಂದ್ರಶೇಖರ್, ಸರ್ ಸಿ. ವಿ. ರಾಮನ್ನರ ಅಣ್ಣನ ಮಗ. ಇವರು ಶಿವರಾಮಕೃಷ್ಣ ಚಂದ್ರಶೇಖರ್, ರಾಮನ್ನರ ಸಹೋದರಿಯ ಮಗ. ಎಂದರೆ ಸೋದರಳಿಯ! ಒಂದೇ ಹೆಸರು, ಒಂದೇ ಇನಿಷಿಯಲ್, ಒಂದೇ ಮನೆತನ. ಆ ಮನೆಗೆ ಬರುತ್ತಿದ್ದ ಅಂಚೆಯವನ ಪಾಡು ಏನಾಗಿರಬೇಕು ಎಂದು ನನಗೆ ಚಿಂತೆ. ಸೋದರಮಾವ ಎಂಬ ಪದವಿ ನನಗೂ ಇದೆ. ರಾಮನ್ನರಿಗೂ ನನಗೂ ಇರುವ ಹೋಲಿಕೆ ಅಷ್ಟಕ್ಕೇ ಮುಗಿಯುತ್ತದೆ ಎಂದು ಮನೆಯವಳು ಒಳಗಿನಿಂದ ಕೂಗಿ ಹೇಳಿದಳು.

ಈ ಚಂದ್ರಶೇಖರ್ 1930ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮಾವನ ಕೈಕೆಳಗೇ ಪಳಗಿ, ಕೇಂಬ್ರಿಜ್‌ಗೆ ಹೋಗಿ ಬಂದು, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗ ಕಟ್ಟಿದರು. ದ್ರವಸ್ಫಟಿಕದ ಹುಚ್ಚು ಹತ್ತಿದ್ದು ಮೈಸೂರಿನಲ್ಲೇ. ನಮ್ಮ ಹುಡುಗ ಓದುವ ಮಾನಸಗಂಗೋತ್ರಿಯೇ. ಅದನ್ನು ಹೇಳುವಾಗ ಅವನ ಎದೆ ಎರಡಂಗುಲ ಉಬ್ಬಿತು, ಆ ವಿಭಾಗ ಇವನೇ ಕಟ್ಟಿದ ಹಾಗೆ. ರಾಮನ್ 1970ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಆ ಸಂಸ್ಥೆಗೆ ಮರಳಿ ದ್ರವಸ್ಫಟಿಕಗಳ ಪ್ರಯೋಗಾಲಯ ಹೂಡಿದರು.

ಅಲ್ಲಿ 1977ರಲ್ಲಿ ಅವರು, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಕೂಡಿ ಮಾಡಿದ್ದು ಇಷ್ಟು. ಕಡ್ಡಿಯ ಆಸೆ ಬಿಟ್ಟರು. ಒಂದೇ ಒಂದು ಬೆಂಜೀನ್ ಉಂಗುರ ತೆಗೆದುಕೊಂಡರು. ಅದರ ಆರು ಮೂಲೆಗೂ ಆರು ಉದ್ದ ಬಾಲ ಕಟ್ಟಿದರು, ಒಂದೊಂದು ಬಾಲದಲ್ಲೂ ಏಳು ಕಾರ್ಬನ್. ಲಾನ್ಸ್‌ಡೇಲಮ್ಮ ನೋಡಿದ್ದ ಆರು ಬಾಲದ ಉಂಗುರವೇ, ಬಾಲ ಮಾತ್ರ ಬೆಳೆದಿದೆ. ಮಧ್ಯೆ ಗಟ್ಟಿ ಚಪ್ಪಟೆ, ಸುತ್ತ ಮೆತ್ತನೆಯ ಜಾಲರಿ. ಇದು ಕೋಲಲ್ಲ, ತಟ್ಟೆ. ಕಾಯಿಸಿದರು. 81 ಡಿಗ್ರಿಗೆ ಮಬ್ಬಾಗಿ ಕರಗಿತು, 87ಕ್ಕೆ ತಿಳಿಯಾಯಿತು. ನಡುವಿನ ಆರೇ ಆರು ಡಿಗ್ರಿಯಲ್ಲಿ, ಶುದ್ಧ ರಾಸಾಯನಿಕವೊಂದರಲ್ಲಿ, ತಟ್ಟೆ ಅಣುಗಳ ದ್ರವಸ್ಫಟಿಕ ಮೊದಲ ಬಾರಿ ಕಾಣಿಸಿತು. ಕಡ್ಡಿಯಾಗಲು ಒಂಟಿ ಉಂಗುರ ಸಾಲದು ಅಂದದ್ದನ್ನು ಮರೆತಿಲ್ಲ ತಾನೆ? ಆರು ಕೈ ಕೊಟ್ಟರೆ ಒಂಟಿ ಉಂಗುರವೇ ಸಂಸಾರ ತೂಗಿಸಿತು.

ಎಕ್ಸ್‌ರೇ ಹಾಯಿಸಿ ನೋಡಿದರೆ ಒಳಗಿನ ಕಟ್ಟಡ ಹೇಗಿತ್ತು? ತಟ್ಟೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ತಟ್ಟೆ, ಕಂಬಗಳು. ಕಂಬದೊಳಗೆ ತಟ್ಟೆ ತಟ್ಟೆಗೆ ಇರುವ ಸಂದು ಒಂದೇ ಸಮ ಇಲ್ಲ, ಅಲ್ಲಿ ದ್ರವದ ಸಡಿಲ. ಆದರೆ ಕಂಬಗಳು ಮಾತ್ರ ಜೇನುಹುಟ್ಟಿನ ಅಚ್ಚಿನಲ್ಲಿ ಸಾಲಾಗಿ ನಿಂತಿವೆ, ಇಲ್ಲಿ ಹರಳಿನ ಶಿಸ್ತು. ಹುಡುಗ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಹಿತ್ತಿಲ ಕಡೆ ನೋಡಿದಳು. ಅಲ್ಲಿ ಒಣಗಿದ ಬೆರಣಿ, ಒಂದರ ಮೇಲೊಂದು, ಎದೆಮಟ್ಟದ ಕಂಬಗಳಾಗಿ, ನಾಲ್ಕು ಸಾಲು.

"ಇದ್ಕೆ ಬೆಂಗ್ಳೂರ್‌ಗೆ ಯಾಕೋದ್ರು? ನನ್ನ ಕೇಳ್ನಿಲ್ವೇ?"

ಉತ್ತರ ಇರಲಿಲ್ಲ. ಆ ಪ್ರಬಂಧ ಅಚ್ಚಾದದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ಪತ್ರಿಕೆಯಲ್ಲಿ. ಹೆಸರು ಚೆನ್ನಾಗಿದೆ, ಪ್ರಮಾಣ ಮಾಡಿಯೇ ಹೇಳಿದರು. ವಿಲಾಯತಿಯ ದೊಡ್ಡ ಪತ್ರಿಕೆಗೆ ಕಳಿಸದೆ ನಮ್ಮ ಮನೆಯ ಪತ್ರಿಕೆಗೇ ಕೊಟ್ಟರು ಎಂಬುದು ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ ಭಾಗ. ಜಗತ್ತು ಅಲ್ಲಿಗೇ ಬಂದು ಓದಿತು. ಈ ಜಾತಿಗೆ ಡಿಸ್ಕಾಟಿಕ್ ಎಂದು ಹೆಸರಾಯಿತು. ಚಂದ್ರಶೇಖರ್ ಆಮೇಲೆ ಅಂತರರಾಷ್ಟ್ರೀಯ ದ್ರವಸ್ಫಟಿಕ ಸಂಘದ ಮೊದಲ ಅಧ್ಯಕ್ಷರಾದರು, 1994ರಲ್ಲಿ ರಾಯಲ್ ಮೆಡಲ್, 1998ರಲ್ಲಿ ಪದ್ಮಭೂಷಣ. ರಾಮನ್ ಸಂಸ್ಥೆಯಿಂದ ನಿವೃತ್ತರಾದವರು ಮನೆಯಲ್ಲಿ ಕೂರದೆ 1991ರಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕಕ್ಕೆಂದೇ ಇನ್ನೊಂದು ಕೇಂದ್ರ ತೆರೆದರು. ನಿವೃತ್ತನಾದ ನಾನು ತೆರೆದದ್ದು ಎಲೆಅಡಿಕೆ ಸಂಚಿ.

ಒಮ್ಮೆ ಕಡ್ಡಿಯ ಕಟ್ಟಳೆ ಮುರಿದ ಮೇಲೆ ಅಡುಗೆಮನೆಯ ಪಾತ್ರೆಗಳೆಲ್ಲ ಬಂದವು. 1985ರಲ್ಲಿ ಫ್ರಾನ್ಸಿನ ಜಾನ್‌ಮಾರೀ ಲೇನ್ ಮತ್ತು ಜೊತೆಗಾರರು ನಡುವೆ ತೂತಿರುವ ದೊಡ್ಡ ಉಂಗುರದ ಅಣು ಮಾಡಿದರು. ಅವೂ ಒಂದರ ಮೇಲೊಂದು ಕೂತವು. ಆದರೆ ತಟ್ಟೆಯಲ್ಲ, ಬಳೆ. ಕಂಬದ ಒಳಗೆ ಕೊಳವೆ. ನಮ್ಮೂರ ಜಾತ್ರೆಗೆ ಬಳೆಗಾರ ಹೊತ್ತು ತರುವ ಮಲಾರ ನೋಡಿದ್ದೀರಲ್ಲ, ಅದೇ. ಬೋಗುಣಿ ಆಕಾರದ ಅಣುಗಳೂ ಇವೆಯಂತೆ, ಒಂದರೊಳಗೊಂದು ಕೂತು ಗೋಪುರವಾಗುತ್ತವೆ.

ಬಾಳೆಹಣ್ಣಿನದು ಇನ್ನೂ ಸೊಗಸು. ಐದು ಉಂಗುರ ಒಂದು ಗೆರೆಯಲ್ಲಿ ಕೂಡಿಸುವಾಗ, ನಡುವಿನ ಉಂಗುರಕ್ಕೆ ನೆಟ್ಟಗೆ ಎದುರುಬದುರು ಮೂಲೆಯಲ್ಲಿ ಕೊಂಡಿ ಹಾಕದೆ ಒಂದು ಮೂಲೆ ಬಿಟ್ಟು ಪಕ್ಕದಲ್ಲಿ ಹಾಕಿದರೆ ಇಡೀ ಅಣು ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಇಂಥವು ಪದರ ಪದರವಾಗಿ ಕೂತಾಗ ಎಲ್ಲ ಹಣ್ಣೂ ಒಂದೇ ಕಡೆಗೆ ಬೆನ್ನು ಮಾಡುತ್ತವೆ, ಚಿಪ್ಪಿನಲ್ಲಿ ಜೋಡಿಸಿದ ಹಾಗೆ. ಆ ಕಾರಣಕ್ಕೆ ಪದರಕ್ಕೆ ವಿದ್ಯುತ್ತಿನ ಒಂದು ದಿಕ್ಕು ಬರುತ್ತದೆ. ಇದನ್ನು 1996ರಲ್ಲಿ ಟೋಕಿಯೋದವರು ತೋರಿಸಿದರು. ರಾಮನ್ ಸಂಸ್ಥೆಯ ಸದಾಶಿವ ಅವರೂ ಆಮೇಲೆ ಈ ಬಾಳೆತೋಟಕ್ಕೆ ಇಳಿದು ಬೇಕಾದಷ್ಟು ಬೆಳೆ ತೆಗೆದರು. ಯಾವ ಮೂಲೆಗೆ ಕೊಂಡಿ ಎಂಬಷ್ಟರ ಮೇಲೆ ಗುಣವೇ ಬದಲು! ಬಾಳೆಯ ಮಾತು ಬಂದದ್ದೇ ಅವ್ವ, "ಈ ಸಲ ಆನೆ ಒಂದ್ ಗೊನೆಯೂ ಬುಡ್ನಿಲ್ಲ" ಎಂದು ನಿಟ್ಟುಸಿರು ಬಿಟ್ಟಳು. ನಮ್ಮ ಚರ್ಚೆ ಎಲ್ಲಿ ಹೊರಟರೂ ಆನೆಗೆ ಬಂದು ನಿಲ್ಲುವುದು ತಾಳವಾಡಿಯ ಧರ್ಮ.

"ಇದರಿಂದ ಉಪಯೋಗ?" ಎಂದು ಕೇಳದಿದ್ದರೆ ಅರಳಿಕಟ್ಟೆಗೆ ಅವಮಾನ. ಉತ್ತರ ನಮ್ಮ ಪಡಸಾಲೆಯಲ್ಲೇ ಇತ್ತು. ನಮ್ಮ ಹಳೆಯ ಟಿವಿ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು. ಎದುರು ಕೂತರೆ ಚೆನ್ನ. ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ, ಕೆಳಗೆ ಚಾಪೆಯ ಮೇಲೆ ಮಲಗಿ ನೋಡಿದರೆ ಬೆಳಕು ಕತ್ತಲಾಗಿ, ಕತ್ತಲು ಬೆಳಕಾಗಿ ಫೋಟೋ ನೆಗೆಟಿವ್ ಆಗುತ್ತದೆ. ನಮಗೆ ರಾಜಕುಮಾರ್ ಎಂದರೆ ಸುಮ್ಮನೆ ನಟರಲ್ಲ, ಪಕ್ಕದ ಗಾಜನೂರಿನವರು, ಮನೆಯವರು. ಹಬ್ಬದ ದಿನ ಅಣ್ಣಾವ್ರ ಸಿನಿಮಾ ಬಂದರೆ ಬೀದಿಯೇ ನಮ್ಮ ಪಡಸಾಲೆಗೆ ಬರುತ್ತದೆ. ನಡುವಿನ ಜಾಗಕ್ಕೆ ಜಗಳ. ಗೋಡೆ ಬದಿಗೆ ಸಿಕ್ಕಿಕೊಂಡವರು ಅಣ್ಣಾವ್ರ ಮುಖ ಕಪ್ಪಾಯಿತೆಂದು ಗೋಳಾಡುತ್ತಾರೆ.

ಕಾರಣ ಕಬ್ಬಿನ ಲಾರಿಯೇ. ಜಲ್ಲೆ ಆಕಾರದ ಅಣುವಿನ ಉದ್ದಕ್ಕೆ ಬೆಳಕು ಒಂದು ಬಗೆ ನಡೆಯುತ್ತದೆ, ಅಡ್ಡಕ್ಕೆ ಇನ್ನೊಂದು ಬಗೆ. ಓರೆಯಿಂದ ನೋಡಿದಾಗ ಆ ಲೆಕ್ಕ ತಪ್ಪುತ್ತದೆ. ತಟ್ಟೆ ಅಣುವಿನದು ಸರಿಯಾಗಿ ಉಲ್ಟಾ ಲೆಕ್ಕ. ಕಡ್ಡಿಯ ತಪ್ಪಿಗೆ ತಟ್ಟೆಯ ತಪ್ಪು ಕೂಡಿಸಿದರೆ ಎರಡೂ ವಜಾ. ಜಪಾನಿನ ಫ್ಯೂಜಿ ಕಂಪನಿಯವರು 1990ರ ದಶಕದ ನಡುವಿನಲ್ಲಿ ತಟ್ಟೆ ಅಣುಗಳನ್ನು ಬೇರೆ ಬೇರೆ ಓರೆಯಲ್ಲಿ ನಿಲ್ಲಿಸಿ, ಅಲ್ಲೇ ಗಟ್ಟಿ ಮಾಡಿ, ತೆಳು ಹಾಳೆಯಾಗಿ ಪರದೆಗೆ ಅಂಟಿಸಿದರು. ಆ ತಟ್ಟೆಯ ನಡುವೆ ಒಂದು ಉಂಗುರ, ಅದರ ಸುತ್ತ ಮೂರು ಉಂಗುರ. ಪಕ್ಕದಲ್ಲಿ ಕೂತವರಿಗೂ ಮುಖ ಮುಖವಾಗಿ ಕಂಡಿತು. ಎಷ್ಟೋ ಮನೆಗಳ ಕಂಪ್ಯೂಟರಿನ ಮುಂದೆ ಬೆಂಗಳೂರಿನ ಬೆರಣಿ ಅಂಟಿಕೊಂಡಿತ್ತು, ಯಾರಿಗೂ ಗೊತ್ತಿರಲಿಲ್ಲ. ನಮ್ಮ ಟಿವಿಗೆ ಆ ಹಾಳೆ ಅಂಟಿಸಿದಂತಿಲ್ಲ ಎಂದು ಅಳಿಯ ಚಾಪೆಯ ಮೇಲೆ ಮೂರು ಕಡೆ ಹೊರಳಿ ನೋಡಿ ತೀರ್ಪು ಕೊಟ್ಟ. ಅಗ್ಗದ ಮಾಲು, ಏನು ಹೇಳುವುದು.

ಆ ರಾತ್ರಿ ಆನೆ ಬಂತು. ನಾಯಿಗಳು ಬೊಗಳಿದವು, ಬೀದಿಯಲ್ಲಿ ಪಟಾಕಿ ಹೊಡೆದರು, ಯಾರೋ ತಮಟೆ ಬಡಿದರು. ಬೆಳಿಗ್ಗೆ ಎದ್ದು ನೋಡಿದರೆ ರಾಗಿ ಹೊಲದ ಅಂಚು ತುಳಿದು, ಹಿತ್ತಿಲ ಬೇಲಿ ಒರಸಿಕೊಂಡು ಹೋಗಿದೆ. ಬೆರಣಿಯ ಎರಡು ಸಾಲು ನೆಲಸಮ. ಕಂಬ ಯಾವುದು, ಸಾಲು ಯಾವುದು ತಿಳಿಯದ ಹಾಗೆ ದಿಕ್ಕಾಪಾಲು. ಅಳಿಯ ಹಲ್ಲುಜ್ಜುತ್ತ ಬಂದವನು ನಿಂತು, ಬ್ರಷ್ ಬಾಯಲ್ಲೇ ಇಟ್ಟುಕೊಂಡು, "87 ಡಿಗ್ರಿ ದಾಟಿಬಿಟ್ಟಿದೆ ಅಜ್ಜಿ. ಇದೇ ಐಸೊಟ್ರೋಪಿಕ್, ಜೋಡಣೆಯೇ ಇಲ್ಲದ ದ್ರವ!" ಅಂದ.

ಅವ್ವ ಹಸಿ ಸಗಣಿಯ ಉಂಡೆ ಎತ್ತಿ ಬೀಸಿದಳು. ಗುರಿ ತಪ್ಪಲಿಲ್ಲ. ನಮ್ಮ ಸೀಮೆಯಲ್ಲಿ ಇದು ತಪ್ಪೂ ಅಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಗುಮಟಾಪುರದ ಗೊರೆಹಬ್ಬದಲ್ಲಿ ಬೀರೇಶ್ವರನ ಹೆಸರು ಹೇಳಿ ಇಡೀ ಊರೇ ಸಗಣಿ ಗುಡ್ಡೆಗೆ ಇಳಿದು ಒಬ್ಬರಿಗೊಬ್ಬರು ಉಂಡೆ ಎಸೆಯುವುದಿಲ್ಲವೆ? ಇವನಿಗೆ ನಾಲ್ಕು ದಿನ ಮುಂಗಡವಾಗಿ ಸಿಕ್ಕಿತು, ಅಷ್ಟೆ.

"ಬಾಯ್ ಮುಚ್ಕೊಂಡು ಬಗ್ಗಿ ಎತ್ತಿ ಜೋಡ್ಸು."

ಜೋಡಿಸಿದ. ಜೇನುಹುಟ್ಟಿನ ಅಚ್ಚಿನಲ್ಲೇ, ಕಾಗದದ ಚಿತ್ರ ಪಕ್ಕದಲ್ಲಿಟ್ಟುಕೊಂಡು, ಒಂದು ಕಂಬಕ್ಕೆ ಆರು ಕಂಬ ನೆರೆ. ಸಂದೇ ಇಲ್ಲದೆ ಒತ್ತಾಗಿ ಇಟ್ಟ. ಅವ್ವ ನೋಡಿ, ಗಾಳಿ ಆಡದಿದ್ದರೆ ಒಳಗಿನದು ಮುಗ್ಗುತ್ತದೆ ಅಂದಳು. ಕಂಬದೊಳಗಿನ ಸಂದು ಸಡಿಲ ಇರಬೇಕು ಎಂದು ಎಕ್ಸ್‌ರೇ ಹೇಳಿದ್ದನ್ನು ಇವನು ನಿನ್ನೆಯೇ ನಮಗೆ ಪಾಠ ಮಾಡಿದ್ದ. ಉಳಿದ ಸಾಲನ್ನು ಅವ್ವನೇ ಕೂತು ಜೋಡಿಸಿದಳು.

ಹಬ್ಬ ಮುಗಿಸಿ ಹುಡುಗ ಚಾಮರಾಜನಗರದ ಬಸ್ಸು ಹತ್ತಿದ. ಅವನ ಸಾಲು ಮೂರು ದಿನ ನಿಂತಿತ್ತು. ಅವ್ವನದು ಇನ್ನೂ ನಿಂತಿದೆ.